ಮರ ಚಾ ಕುಡಿಯಲು ಹೋಗುವುದಿಲ್ಲ

ಸರಿಯಾಗಿ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ಆ ಕ್ಷಣದಲ್ಲಿ ನಾನು ಕೈಗಡಿಯಾರ ನೋಡಿಕೊಂಡು ತೋಟದ ಸಾಹುಕಾರರೊಬ್ಬರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಬದುಕಿನಲ್ಲಿ ಕೆಟ್ಟದ್ದೆಲ್ಲ ಶುರುವಾಗಿದ್ದು ನಾನು ಜಂಬ ಕೊಚ್ಚಿಕೊಳ್ಳುವಾಗಲೇ. ಅದಿರಲಿ, ಆ ಹತ್ತು ನಲವತ್ತೆರಡಕ್ಕೆ ಬರುವ ಮೊದಲು ನಮ್ಮ ಭಾವನ ವಿಷಯ ಹೇಳಬೇಕು. ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆಯಿಂದ ಕಳಸದವರೆಗೆ ಹುಡುಕಿದರೂ, ಒಬ್ಬರೇ ಒಂದು ಗ್ಯಾಂಗಾಗಿದ್ದ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ!

ಭಾವ ಮಾಡಿಗೆ, ಅಂದರೆ ಚಾವಣಿಗೆ, ಹೆಂಚು ಹೊದಿಸುವವರು. ಕಾಫಿ ಗೋಡೌನು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಬಂಗಲೆ, ಕೂಲಿಲೈನು, ಯಾವುದರ ಮಾಡಾದರೂ ಸರಿ. ಒಬ್ಬರೇ ಹತ್ತಿ, ಒಬ್ಬರೇ ಹೆಂಚು ತೆಗೆದು, ಒಬ್ಬರೇ ಹೆಂಚಿನಡಿಗೆ ಹೊಸ ಮರದ ರೀಪು ಹೊಡೆದು, ಒಬ್ಬರೇ ಹೊದಿಸಿ, ಒಬ್ಬರೇ ಇಳಿದು ಬರುತ್ತಿದ್ದರು. ನನ್ನದೂ ಅದೇ ಕೆಲಸ. ಆದರೆ ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಅರ್ಥಶಾಸ್ತ್ರದಲ್ಲಿ ಶ್ರಮವಿಭಜನೆ ಅಂತ ಒಂದು ಪಾಠವಿತ್ತು. ಓದಿದ್ದನ್ನು ಉಪಯೋಗಿಸದೆ ಬಿಡುವುದುಂಟೇ? ಹನ್ನೊಂದು ಜನರ ಗ್ಯಾಂಗು ಕಟ್ಟಿದೆ. ಹೆಂಚು ಹೊದಿಸಲು ಇಬ್ಬರು, ಕೈಯಿಂದ ಕೈಗೆ ದಾಟಿಸಲು ನಾಲ್ವರು, ರೀಪು ಹೊಡೆಯಲು ಇಬ್ಬರು, ಚಾ ತರಲು ಒಬ್ಬ, ಚಾ ತರಲು ಹೋದವನನ್ನು ಹುಡುಕಿ ತರಲು ಇನ್ನೊಬ್ಬ, ಕೆಳಗೆ ನಿಂತು 'ಸ್ವಲ್ಪ ಎಡಕ್ಕೆ' ಎನ್ನಲು ಮತ್ತೊಬ್ಬ. ಇದಕ್ಕಿಂತ ಪಕ್ಕಾ ವಿಭಜನೆ ಯಾವ ಪುಸ್ತಕದಲ್ಲಿದೆ?

ಆದರೂ ಹೋದಲ್ಲೆಲ್ಲ ಒಂದೇ ಪ್ರಶ್ನೆ: 'ನಿಮ್ಮ ಭಾವ ಬರ್ತಾರಾ?'

ಮಲ್ಲಂದೂರಿನ ಕಡೆ ಒಂದು ತೋಟದಲ್ಲಿ ಪಲ್ಪರ್ ಮನೆ ಸೋರುತ್ತಿದೆ ಎಂದು ಕೇಳಿ ಓಡಿಹೋದೆ. ಮಾಡಿನ ಮೇಲೆ ನೀಲಿ ಟಾರ್ಪಾಲು ಹಾಸಿತ್ತು.

'ಮೂರೇ ದಿನದಲ್ಲಿ ಮುಗಿಸಿಕೊಡ್ತೀನಿ ಸಾವ್ಕಾರ್ರೇ.'

'ಇಲ್ಲಪ್ಪ, ನಿಮ್ಮ ಭಾವಂಗೆ ಹೇಳಿದೀನಿ.'

'ಅವ್ರು ಯಾವಾಗ ಬರ್ತಾರಂತೆ?'

'ಮುಂದಿನ ವರ್ಷ ಆದ್ರೆ ಆಯ್ತು. ಇಲ್ದಿದ್ರೆ ಅದರಾಚೆ ವರ್ಷ.'

'ಅಲ್ಲಿ ತನಕ ಎಂತ ಮಾಡ್ತೀರಿ?'

'ಟಾರ್ಪಾಲು ಹೊಸದೇ ತಂದಿದೀನಲ್ಲ!'

ನನ್ನ ಹನ್ನೊಂದು ಜನರಿಗಿಂತ ಒಂದು ಟಾರ್ಪಾಲು ಮೇಲಾಯಿತು. ಅವತ್ತು ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಒಂದು ಗೋಡೌನಿನ ಕಾಫಿ ಹುರಿಯಬಹುದಿತ್ತು.

ಭಾವ ಒಬ್ಬರೇ ಕೆಲಸ ಮಾಡುತ್ತಿದ್ದರು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮಾಡಿನ ಮೇಲೆ ಅವರ ಜೊತೆ ಅವರೂ ಇರುತ್ತಿದ್ದರು! ಒಂದು ದಪ್ಪ ದನಿ, ಒಂದು ಸಣ್ಣ ದನಿ, ಎರಡೂ ಅವರದೇ. ದಪ್ಪ ದನಿಯವನು ಮೇಸ್ತ್ರಿ, ಸಣ್ಣ ದನಿಯವನು ಆಳು.

'ಏನೋ, ಸಾಲು ಸೊಟ್ಟ ಆಗಿದೆಯಲ್ಲೋ! ಕಣ್ಣು ಮನೇಲಿಟ್ಟು ಬಂದಿದೀಯಾ?'

'ನಂದೆಂತ ತಪ್ಪು ಮೇಸ್ತ್ರೇ, ರೀಪೇ ಸೊಟ್ಟ ಉಂಟಲ್ಲ.'

'ರೀಪು ಹೊಡೆದೋನು ಯಾರೋ?'

'ನೀವೇ.'

ಬಳಿಕ ಮೇಸ್ತ್ರಿ ತೆಪ್ಪಗೆ ರೀಪು ಕಿತ್ತು ಮತ್ತೆ ಹೊಡೆಯುವ ಸದ್ದು. ನನ್ನ ಗ್ಯಾಂಗಿನಲ್ಲಿ ಇಂಥದ್ದೊಂದು ಜಗಳ ಹೀಗೆ ಮುಗಿದದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಸೊಟ್ಟ ರೀಪು ಹೊಡೆದವನು ಯಾರೆಂದು ಗೊತ್ತಾಗುವುದರೊಳಗೆ ಮಾಡೇ ಮುಗಿದಿರುತ್ತಿತ್ತು.

ಮೂಡಿಗೆರೆ ಹತ್ತಿರದ ಒಂದು ಬಂಗಲೆಯಲ್ಲಿ ಈ ಎರಡು ದನಿ ಕೇಳಿದ ಮನೆಯ ಯಜಮಾನಿ, ಪಾಪ, ಎರಡು ಲೋಟ ಕಾಫಿ ಕಳುಹಿಸಿದರಂತೆ. ಭಾವ ಎರಡನ್ನೂ ಕುಡಿದರು. ಮರುದಿನ ಆಕೆಯೇ ಹೊರಗೆ ಬಂದು ಮೇಲೆ ನೋಡಿ, 'ಇನ್ನೊಬ್ರು ಎಲ್ಲಿ?' ಎಂದರೆ, 'ಅವ್ನಿಗೆ ಇವತ್ತು ರಜ ಅಮ್ಮಾವ್ರೇ. ಕಾಫಿ ಮಾತ್ರ ಕಳಿಸಿ, ಅವ್ನ ಪಾಲು ನಾನು ತಲುಪಿಸ್ತೀನಿ' ಎಂದರಂತೆ! ಅಲ್ಲಿಂದ ಮುಂದೆ ಭಾವ ಕೆಲಸ ಮಾಡಿದ ಎಲ್ಲ ಬಂಗಲೆಗಳಲ್ಲೂ ಎರಡು ಲೋಟದ ಪದ್ಧತಿ ಜಾರಿಗೆ ಬಂತು. ನನ್ನ ಹನ್ನೊಂದು ಜನರಿಗೆ ಮಾತ್ರ ಮನೆಯಿಂದ ಕೆಟಲ್ ಹೊತ್ತು ತರಬೇಕಿತ್ತು.

ಭಾವನ ಕಿವಿಯ ವಿಷಯ ಹೇಳಲೇಬೇಕು. ಪ್ರತಿಯೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕಾಣುತ್ತಿತ್ತು. 'ಒಬ್ನೇ ಇರೋನಿಗೆ ಎಲ್ಲ ಕೇಳ್ತದೆ ಮಾರಾಯ. ನಿಂಗೆ ನಿನ್ನ ಗ್ಯಾಂಗಿನ ಗಲಾಟೆ ಬಿಟ್ಟು ಎಂತ ಕೇಳ್ತದೆ?' ಎನ್ನುತ್ತಿದ್ದರು. ಇದನ್ನೆಲ್ಲ ನಾನು ಬರೀ ನಾಟಕ ಎಂದುಕೊಂಡಿದ್ದೆ. ಒಂದು ಗೌರಿಹಬ್ಬದ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ನಮ್ಮ ಮನೆಯ ಮಾಡು ನನ್ನ ಗ್ಯಾಂಗೇ ಹೊದಿಸಿದ್ದು. ಒಂದೇ ಒಂದು ಕಡೆ ಸೋರುತ್ತಿತ್ತು. ಅಮ್ಮ ಆ ಸೋರುವ ಜಾಗಕ್ಕೆ ಪಾತ್ರೆ ಇಟ್ಟು, ಅದರ ಪಕ್ಕದಲ್ಲೇ ಭಾವನ ಎಲೆ ಹಾಕಿದರು. ಬೇರೆ ಜಾಗವೇ ಇರಲಿಲ್ಲವೇ? ಇತ್ತು. ಅಮ್ಮನ ಉದ್ದೇಶವೇ ಬೇರೆ. ಟಣ್ ಎಂದು ಒಂದು ಹನಿ ಬಿತ್ತು. ಭಾವ ತುತ್ತು ನಿಲ್ಲಿಸಿ, ತಲೆ ಎತ್ತದೆಯೇ ಹೇಳಿದರು: 'ಮೂರನೇ ಸಾಲು. ಎಡಗಡೆಯಿಂದ ಏಳನೇದು.'

ಊಟದ ನಡುವೆಯೇ ಎದ್ದು, ಸೇಡಿಗೆಂದೇ ಏಣಿ ಹಾಕಿ ಹತ್ತಿದೆ. ಮೂರನೇ ಸಾಲು, ಎಡಗಡೆಯಿಂದ ಏಳನೆಯದು. ಕೂದಲೆಳೆಯಷ್ಟು ಬಿರುಕು! ನಾನು ಇಳಿದು ಬರುವಷ್ಟರಲ್ಲಿ ಅಮ್ಮ ಭಾವನಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿ ಆಗಿತ್ತು. ನನ್ನ ಪಾಲಿಗೆ ಮುಗಿದುಹೋಗಿತ್ತು.

ಹೀಗಿರುವಾಗ ಒಂದು ವರ್ಷ ಕಳಸದ ಕಡೆ ಒಂದು ದೊಡ್ಡ ತೋಟದ ಗೋಡೌನು ಬಂತು. ಉದ್ದವೆಂದರೆ ಆ ತುದಿಯಲ್ಲಿ ನಿಂತವನನ್ನು ಈ ತುದಿಯಿಂದ ಕೂಗಿ ಕರೆಯಬೇಕು. ಮಳೆಗೆ ಮುಂಚೆ ಮುಗಿಯಬೇಕು. ಸಾಹುಕಾರರಿಗೆ ಭಾವನೇ ಬೇಕು, ಆದರೆ ಭಾವ ಒಬ್ಬರಿಂದ ಆಗುವ ಕೆಲಸವಲ್ಲ. 'ಭಾವ-ಭಾವಮೈದ ಇಬ್ರೂ ಸೇರಿ ಮಾಡಿ' ಎಂದರು. ನನಗೆ ಒಳಗೊಳಗೇ ಹಬ್ಬ! ಭಾವ ನನ್ನ ಗ್ಯಾಂಗಿನ ಹನ್ನೆರಡನೆಯವರಾಗಬೇಕು, ಅವರ ಎರಡು ದನಿಯೂ ನಮ್ಮ ಗಲಾಟೆಯಲ್ಲಿ ಮುಳುಗಬೇಕು, ಊರೆಲ್ಲ ನೋಡಬೇಕು. ಇದೇ ನನ್ನ ಆಸೆ. ಭಾವ ಒಪ್ಪಲಿಲ್ಲ. ನಾನು ಅಕ್ಕನ ಕಾಲು ಹಿಡಿದೆ. ಅಕ್ಕ, 'ನನ್ನ ತಮ್ಮ ಬಾಯಿಬಿಟ್ಟು ಕೇಳ್ತಿದಾನೆ, ಒಂದು ಸಲ ಹೋಗಿ' ಎಂದಳು. ಭಾವ ಬಂದರು.

ಬಂದವರು ಮೊದಲು ನೋಡಿದ್ದು ಮಾಡನ್ನಲ್ಲ, ಮರವನ್ನು. ಅವರ ಪದ್ಧತಿ ಹೀಗೆ: ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದು, ಅದನ್ನು ಮಾಡಿನ ನೆತ್ತಿಯ ಮೇಲಿನಿಂದ ಆಚೆ ಬದಿಗೆ ಇಳಿಬಿಡುವುದು, ಆ ಬದಿಯಲ್ಲಿ ಒಂದು ಗಟ್ಟಿ ಮರಕ್ಕೆ ತಾವೇ ಹೋಗಿ ಬಿಗಿಯುವುದು. ಈ ಬದಿಯಲ್ಲಿ ಕೆಲಸ. ನಾಲ್ಕು ಮಾರು ಮುಂದೆ ಹೋಗಬೇಕಾದರೆ ಇಳಿದು, ಸುತ್ತಿಕೊಂಡು ಹೋಗಿ, ಹಗ್ಗ ಬಿಚ್ಚಿ ಬೇರೆ ಮರಕ್ಕೆ ಕಟ್ಟಿ, ಮತ್ತೆ ಹತ್ತುವುದು. ಈ ಗೋಡೌನಿನ ಆಚೆ ಬದಿಯಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ. ಮರ ಹೋಗಲಿ, ಒಂದು ಗೂಟವೂ ಇರಲಿಲ್ಲ.

'ಹಗ್ಗ ಒಬ್ಬ ಹಿಡ್ಕೊಳ್ತಾನೆ ಭಾವ. ನೀವು ಬಿಡು ಅಂದ್ರೆ ಬಿಡ್ತಾನೆ, ಎಳಿ ಅಂದ್ರೆ ಎಳೀತಾನೆ. ಇಳಿಯೋದು ಹತ್ತೋದು ಎಂತದೂ ಬೇಡ. ಹನ್ನೊಂದು ಜನ ಇದೀವಿ, ಮರ ಯಾಕೆ?'

ಭಾವ ಕಣವನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ ಹೇಳಿದರು: 'ಮರ ಚಾ ಕುಡಿಯಕ್ಕೆ ಹೋಗಲ್ಲ ಮಾರಾಯ.'

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಹಗ್ಗಕ್ಕೆ ಶೇಷನನ್ನು ನಿಲ್ಲಿಸಿದೆ. ಗ್ಯಾಂಗಿನಲ್ಲಿ ನೆಚ್ಚಬಹುದಾದ ಆಳೆಂದರೆ ಅವನೇ. ಎರಡು ದಿನ ಕೆಲಸ ಹೂವೆತ್ತಿದಂತೆ ನಡೆಯಿತು. ಭಾವ ಮಾತ್ರ ತಮ್ಮ ಒಂದು ಹಳೆಯ ಚಾಳಿ ಬಿಡಲಿಲ್ಲ. ಐದು ಸಾಲು ಹೊದಿಸಿದ ಮೇಲೆ ಆರನೆಯದರಲ್ಲಿ ಮೂರು ಹೆಂಚಿನಷ್ಟು ಜಾಗ ಖಾಲಿ ಬಿಡುತ್ತಿದ್ದರು. ಆ ಕಿಂಡಿಗಳನ್ನು ಮುಚ್ಚುತ್ತಿದ್ದುದು ಕೊಟ್ಟಕೊನೆಗೆ.

'ಇದೆಂತದು ಭಾವ, ಗಾಳಿಗಾ?' ಎಂದೆ.

'ಕಾಲಿಗೆ.'

'ಕಾಲಿಗೆ ಎಂತಕ್ಕೆ?'

'ಅದು ಕಾಲಿಗೆ ಗೊತ್ತಾಗ್ತದೆ. ನಿನ್ನ ತಲೆಗೆ ಬೇಡ.'

ಇದಕ್ಕೂ ನಕ್ಕೆವು. ನನ್ನ ಗ್ಯಾಂಗಿಗೆ ನಗುವುದರಲ್ಲಿ ಮಾತ್ರ ಶ್ರಮವಿಭಜನೆ ಇರಲಿಲ್ಲ.

ಮೂರನೆಯ ದಿನ ಸಾಹುಕಾರರು ಕೆಲಸ ನೋಡಲು ಕಣಕ್ಕೆ ಬಂದರು. ಭಾವ ಮಾಡಿನ ಆಚೆ ಬದಿಯಲ್ಲಿ, ನಮಗೆ ಕಾಣದ ಕಡೆ ಇದ್ದರು. ಶೇಷ ನನ್ನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದ. ಅಷ್ಟರಲ್ಲಿ ಚಾ ಬಂತು.

'ಅಣ್ಣ, ಒಂಚೂರು ಹಗ್ಗ ಹಿಡ್ಕೊಳ್ತೀರಾ? ಒಂದು ಲೋಟ ಕುಡಿದು ಓಡಿಬರ್ತೀನಿ.'

ನಾನು 'ಹ್ಞೂಂ' ಎಂದೆ.

ಅವನು ಹಗ್ಗದ ತುದಿಯನ್ನು ನನ್ನ ಕೈಗೆ ತಾಗಿಸಿ ಹೋದ. ಅದು ಕೈಯಿಂದ ಜಾರಿ ಕಾಲ ಬುಡಕ್ಕೆ ಬಿತ್ತು. ಯಾಕೆಂದರೆ ಅದೇ ಹೊತ್ತಿಗೆ ಆ ಕೈಯನ್ನು ಮೇಲೆತ್ತಿ ಗಡಿಯಾರ ನೋಡುತ್ತಿದ್ದೆ. 'ನೋಡಿ ಸಾವ್ಕಾರ್ರೇ, ಹತ್ತು ನಲವತ್ತೆರಡು. ಮೂರು ದಿನ ಆಗಿಲ್ಲ, ಅರ್ಧ ಮಾಡು ಮುಗೀತು. ಇದೇ ನಮ್ಮ ಭಾವ ಒಬ್ರೇ ಆಗಿದ್ದಿದ್ರೆ...'

ಆಚೆಯಿಂದ 'ಎಳಿ!' ಎಂಬ ದನಿ ಬಂತು. ಕೇಳಿಸಿತು, ಕೇಳಿಸಲಿಲ್ಲ ಎನ್ನಲಾರೆ. ಹನ್ನೊಂದು ಜನರಲ್ಲಿ ಯಾರೋ ಒಬ್ಬ ಎಳೆಯುತ್ತಾನೆ ಎಂದು ಮನಸ್ಸು ಅದನ್ನು ಪಕ್ಕಕ್ಕಿಟ್ಟಿತು.

ಕಾಲ ಬುಡದಲ್ಲಿ ಏನೋ ಸರಿದಂತಾಯಿತು. ನೋಡಿದರೆ ಹಗ್ಗ! ಕಣದ ಮೇಲೆ ಕೇರೆಹಾವಿನ ಹಾಗೆ ಹರಿದು, ಗೋಡೆ ಹತ್ತಿ, ಹೊಸ ಹೆಂಚಿನ ಮೇಲೆ ಸರಸರನೆ ಏರಿ, ನಾನು ಹಾರಿ ಹಿಡಿಯಲು ಹೋದರೆ ಒಂದು ಮೊಳ ಮೇಲೆ. ಅದರ ತುದಿಗೆ ಭಾವ ಹಾಕಿದ್ದ ಗಂಟೊಂದಿತ್ತು. ಆ ಗಂಟು ಮಾಡಿನ ನೆತ್ತಿಗೆ ಒಮ್ಮೆ ಬಡಿದು, ಮೇಲಕ್ಕೆ ನೆಗೆದು, ಆಕಾಶದಲ್ಲಿ ಒಂದು ಕ್ಷಣ ನಿಂತು, ಆಚೆಗೆ ಹೋಯಿತು. ಆಮೇಲೆ ಹೆಂಚು ಬೀಳುವ ಸದ್ದು.

ಭಾವ ಜಾರಿದ್ದನ್ನು ನಾನು ನೋಡಲಿಲ್ಲ. ನೋಡಿದ್ದು ಆ ಗಂಟನ್ನು ಮಾತ್ರ. ನೋಡದೆ ಇದ್ದದ್ದೇ ಹೆಚ್ಚು ಕಾಡುತ್ತದೆ ಎಂದು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಸುತ್ತಿಕೊಂಡು ಓಡಿದೆವು. ಮಾಡಿನಂಚಿನಲ್ಲಿ ಭಾವ ತಲೆಕೆಳಗಾಗಿ ನೇತಾಡುತ್ತಿದ್ದರು. ಎರಡೂ ಕೈ ಗಾಳಿಯಲ್ಲಿ. ಒಂದು ಕಾಲು, ಹೌದು, ಆ ಕಡೆಯ ಕೊನೆಯ ಕಿಂಡಿಯೊಳಗೆ ಹೋಗಿ ರೀಪಿಗೆ ಸಿಕ್ಕಿಕೊಂಡಿತ್ತು. ಕೆಳಗೆ ಕಲ್ಲುಹಾಸು. ನನ್ನ ಗ್ಯಾಂಗು ಏಣಿಗೆ ಮುಗಿಬಿತ್ತು. ಐವರು ಆ ತುದಿ ಹಿಡಿದು ಅತ್ತ ಎಳೆದರು, ಐವರು ಈ ತುದಿ ಹಿಡಿದು ಇತ್ತ ಎಳೆದರು. ಏಣಿ ಇದ್ದಲ್ಲೇ ಇತ್ತು. ಒಬ್ಬ ರೂಢಿಬಲದಿಂದ 'ಸ್ವಲ್ಪ ಎಡಕ್ಕೆ!' ಎಂದು ಕೂಗಿದ. ತಲೆಕೆಳಗಾದ ಭಾವ ಮೇಲಿನಿಂದ ಹೇಳಿದರು:

'ಗಲಾಟೆ ಬೇಡ. ಒಬ್ಬ ಬನ್ನಿ, ಸಾಕು.'

ಆ ಒಬ್ಬ ನಾನಾಗಬೇಕಿತ್ತು. ನಾನು ಕೆಳಗೆ ಬಿದ್ದಿದ್ದ ಹಗ್ಗದ ಗಂಟನ್ನು ಈಗ ಗಟ್ಟಿಯಾಗಿ ಹಿಡಿದು ನಿಂತಿದ್ದೆ. ಶೇಷ ಏಣಿ ಕಿತ್ತುಕೊಂಡು, ಒಬ್ಬನೇ ನಿಲ್ಲಿಸಿ, ಒಬ್ಬನೇ ಹತ್ತಿ, ಭಾವನನ್ನು ಹೆಗಲಿಗೆ ಹಾಕಿಕೊಂಡು ಇಳಿದ. ನೆಲಕ್ಕೆ ಕಾಲು ತಾಗಿದ ಮೇಲೆ ಭಾವ ಕೇಳಿದ ಮೊದಲ ಮಾತು: 'ಎಷ್ಟು ಹೆಂಚು ಒಡೀತು?'

ಎರಡು ಪಕ್ಕೆಲುಬು, ಒಂದು ಕಾಲಿನ ಚರ್ಮ, ಹದಿನಾಲ್ಕು ಹೆಂಚು. ಸಾಹುಕಾರರ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ಅಕ್ಕ ಬಂದವಳು ಅಳಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ನೋಡಿ ಕೇಳಿದಳು: 'ಹಗ್ಗ ಯಾರ ಕೈಲಿತ್ತು?'

ಯಾರೋ 'ಶೇಷನ ಕೈಲಿ' ಎಂದರು. ಶೇಷ ನನ್ನನ್ನು ನೋಡಿದ. ನಾನು ಗಡಿಯಾರ ನೋಡಿಕೊಂಡೆ.

ಮರುದಿನದಿಂದ ಶೇಷ ಕೆಲಸಕ್ಕೆ ಬರಲಿಲ್ಲ. ಚಾ ಕುಡಿಯಲು ಹಗ್ಗ ಬಿಟ್ಟವನು ಎಂದು ಹೆಸರಾಗಿತ್ತು. ಬೇರೆ ತೋಟಗಳಲ್ಲೂ ಅವನನ್ನು ಯಾರೂ ಮಾಡು ಹತ್ತಿಸುತ್ತಿಲ್ಲ, ಕಾಳುಮೆಣಸು ಕೊಯ್ಯಲು ಹೋಗುತ್ತಿದ್ದಾನೆ ಎಂದು ಕೇಳಿದೆ. ಗೋಡೌನಿನ ಉಳಿದ ಮಾಡನ್ನು ಗ್ಯಾಂಗು ಮುಗಿಸಿತು. ಭಾವ ಜಾರಿದ ಜಾಗವೊಂದನ್ನು ಬಿಟ್ಟು. ಅಲ್ಲಿಗೆ ಹತ್ತಲು ಹನ್ನೊಂದರಲ್ಲಿ ಉಳಿದ ಹತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿದರು. ಅದರ ಮೇಲೆ ಟಾರ್ಪಾಲು ಹಾಸಿದೆವು.

ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಗಂಟು ನೆತ್ತಿಗೆ ಬಡಿದು ನೆಗೆಯುತ್ತಿತ್ತು. ಆಕಾಶದಲ್ಲಿ ನಿಲ್ಲುತ್ತಿತ್ತು. ನಾನು ಹಾರಿ ಹಿಡಿಯುತ್ತಿದ್ದೆ. ಹಿಡಿಯುತ್ತಿದ್ದುದು ಏನನ್ನು ಎಂದು ನನ್ನ ಹೆಂಡತಿ ಬೆಳಿಗ್ಗೆ ಹೇಳುತ್ತಿದ್ದಳು: 'ರೀ, ನನ್ನ ಸೆರಗು ಬಿಟ್ಟು ಮಲಗಿ. ನಾನೇನು ಮಂಚದಿಂದ ಆಚೆ ಜಾರಿ ಹೋಗಲ್ಲ!' ದನದ ಹಗ್ಗ ಸಂಜೆ ಮೂರು ಸಲ ಕಟ್ಟಿ ಬರುತ್ತಿದ್ದೆ. ದನಕ್ಕೇ ನನ್ನ ಮೇಲೆ ಅನುಮಾನ ಬಂದಿರಬೇಕು.

ಇಷ್ಟರಲ್ಲಿ ನನ್ನ ಹೊಟ್ಟೆಕಿಚ್ಚು ಏನಾಯಿತು ಎನ್ನುತ್ತೀರಾ? ನಾಚಿಕೆಗೇಡು, ಆದರೂ ಹೇಳುತ್ತೇನೆ: ಅದು ಇನ್ನೂ ಹೆಚ್ಚಾಯಿತು! ಪಕ್ಕೆಗೆ ಪಟ್ಟಿ ಕಟ್ಟಿಕೊಂಡ ಆ ಮನುಷ್ಯ, ಅಕ್ಕ ಹೇಳುವ ಪ್ರಕಾರ, ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯುತ್ತಿದ್ದರು. ಬಿದ್ದವರಿಗೆ ನಿದ್ದೆ, ಬೀಳಿಸಿದವನಿಗೆ ಇಲ್ಲ. ಇದು ಯಾವ ನ್ಯಾಯ? (ಸರಿಯಾದ ನ್ಯಾಯವೇ. ಗೊತ್ತು.)

ಎರಡು ತಿಂಗಳು ಕಳೆದು, ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಭಾವ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು.

'ಆ ಟಾರ್ಪಾಲು ತೆಗೀಬೇಕು ಮಾರಾಯ. ಮಳೆ ಬರ್ತದೆ. ಹಗ್ಗ ಹಿಡಿಯಕ್ಕೆ ಜನ ಬೇಕು.'

'ಎಷ್ಟು ಜನ ಭಾವ? ಹತ್ತೂ ಜನರನ್ನ ಕರ್ಕೊಂಡು...'

'ಒಬ್ಬ. ನೀನು.'

'ಭಾವ, ಅವತ್ತು ಶೇಷ ಹಗ್ಗ ಬಿಟ್ಟಿರಲಿಲ್ಲ. ನಂಗೆ ಕೊಟ್ಟು ಹೋಗಿದ್ದ. ಹ್ಞೂಂ ಅಂದೋನು ನಾನು.'

'ಗೊತ್ತು.'

'ಗೊತ್ತಾ?'

'ಮೇಲೆ ಕೇಳ್ತಲ್ಲ. ಅವನು ಕೇಳಿದ್ದೂ ಕೇಳ್ತು, ನೀನು ಹ್ಞೂಂ ಅಂದಿದ್ದೂ ಕೇಳ್ತು. ನಿನ್ನ ದನಿ ಅಲ್ವಾ ಅಂತ ಪೂರಾ ಭಾರ ಬಿಟ್ಟೆ.'

ಮೂವತ್ತು ವರ್ಷ ಮರವನ್ನು ಬಿಟ್ಟು ಯಾರ ಮೇಲೂ ಪೂರಾ ಭಾರ ಹಾಕದ ಮನುಷ್ಯ!

'ಮತ್ತೆ ಅಕ್ಕನ ಹತ್ರ ಯಾಕೆ ಹೇಳಲಿಲ್ಲ ಭಾವ?'

'ನಾನು ಹೇಳಿದ್ರೆ ಅದು ಚಾಡಿ ಆಗ್ತದೆ. ನೀನು ಹೇಳ್ತೀಯ ಅಂತ ಕಾದೆ. ಸ್ವಲ್ಪ ತಡ ಆಯ್ತು.' ಹಗ್ಗದ ಸುರುಳಿಯನ್ನು ನನ್ನ ಕೈಗೆ ಹಾಕಿದರು. 'ನಂಗೆ ಹೇಳಿ ಎಂತ ಪ್ರಯೋಜನ? ಶೇಷನ ಮನೆ ದಾರೀಲೇ ಉಂಟು. ಅಲ್ಲಿ ಹೇಳು, ಅವನ ಹೆಂಡ್ತಿ ಮುಂದೆ. ಸಂಜೆ ನಿನ್ನ ಅಕ್ಕನ ಹತ್ರ ಹೇಳು. ಆಮೇಲೆ ಗ್ಯಾಂಗಿನ ಹತ್ರ.'

ಶೇಷನ ಅಂಗಳದಲ್ಲಿ ನಿಂತು, ಅವನ ಹೆಂಡತಿಯ ಮುಂದೆಯೇ ಹೇಳಿದೆ. ಶೇಷ ಮೆಣಸಿನ ಚೀಲ ಇಳಿಸಿ ಸುಮ್ಮನೆ ಕೇಳಿದ. 'ಅವತ್ತು ಗಡಿಯಾರ ನೋಡ್ಕೊಂಡ್ರಲ್ಲ ಅಣ್ಣ, ಅದೇ ಬೇಜಾರಾಗಿದ್ದು' ಎಂದಷ್ಟೇ ಅಂದ. ಬೈದಿದ್ದರೆ ವಾಸಿಯಿತ್ತು. ಅವನ ಹೆಂಡತಿ ಅವನ ಪಾಲಿನದನ್ನೂ ಸೇರಿಸಿ ಬೈದಳು. ಶೇಷ ಸೋಮವಾರದಿಂದ ಬರುತ್ತೇನೆ ಎಂದ.

ಆ ದಿನ ಕಣದಲ್ಲಿ ಹಗ್ಗವನ್ನು ನನ್ನ ಸೊಂಟಕ್ಕೂ ಒಂದು ಸುತ್ತು ಸುತ್ತಿ ನಿಂತೆ. ಗಡಿಯಾರ ಮನೆಯಲ್ಲೇ ಬಿಟ್ಟು ಬಂದಿದ್ದೆ. ಭಾವ ನೆತ್ತಿ ದಾಟಿ ಕಣ್ಮರೆಯಾದರು.

'ಹಿಡ್ಕೊಂಡಿದೀಯಾ?'

'ಹ್ಞೂಂ.'

ಹಗ್ಗ ನಿಧಾನವಾಗಿ ಬಿಗಿಯಾಯಿತು. ಅಂಗೈಗೆ ಭಾವನ ಭಾರ ಬಂತು, ಮೊದಲು ಸ್ವಲ್ಪ, ಆಮೇಲೆ ಪೂರಾ.

ಬಂಗಲೆಯಿಂದ ಕಾಫಿ ಬಂತು. ಸರಿಯಾಗಿ ಎರಡು ಲೋಟ. ಕಟ್ಟೆಯ ಮೇಲಿಟ್ಟು ಹೋದರು. ನನ್ನ ಲೋಟದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ನಿಂತೆ. ಕೈ ಬಿಡಲಿಲ್ಲ. ಅಷ್ಟು ಹೊತ್ತಿಗೆ ಆಚೆ ಬದಿಯಲ್ಲಿ ಆ ಎರಡು ದನಿ ಶುರುವಾದವು.

'ಏನೋ, ಕೆಳಗೆ ಹಗ್ಗಕ್ಕೆ ಯಾರನ್ನೋ ನಿಲ್ಲಿಸಿದೀಯಾ? ಗಟ್ಟಿ ಮರ ತಾನೇ?' ದಪ್ಪ ದನಿ ಕೇಳಿತು.

'ಮರ ಅಲ್ಲ ಮೇಸ್ತ್ರೇ,' ಎಂದಿತು ಸಣ್ಣ ದನಿ. 'ನಮ್ಮ ಹುಡುಗ. ಹೆದರ್ಬೇಡಿ, ಕೆಲಸ ಮಾಡಿ.'

ಒಳ್ಳೆಯದಾಯಿತು, ಕಣದಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಸಂಜೆ ಭಾವ ಕೊನೆಯ ಕಿಂಡಿಯನ್ನೂ ಮುಚ್ಚಿ ಇಳಿದು ಬಂದು, ಆರಿ ತಣ್ಣಗಾದ ಎರಡೂ ಲೋಟ ಕಾಫಿಯನ್ನು ತಾವೇ ಕುಡಿದರು! ನನಗೆ ಒಂದು ಗುಟುಕು ಬೇಕಾ ಎಂದೂ ಕೇಳಲಿಲ್ಲ.

ದಾರಿಯಲ್ಲಿ ಅಕ್ಕನ ಮನೆಗೆ ಹೋಗಿ ಅವಳಿಗೂ ಹೇಳಿದೆ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ಜೋಡಿಸಿದಳು. ಕೊನೆಗೆ, 'ಊಟ ಮಾಡ್ಕೊಂಡು ಹೋಗು' ಎಂದಳು.

ಅದು ಮೇ ತಿಂಗಳ ಕೊನೆಯ ಗುರುವಾರ. ಮನೆಗೆ ಬಂದು ಮಲಗಿದವನಿಗೆ ಎಚ್ಚರವಾಗಿದ್ದು ಬಿಸಿಲು ಮುಖಕ್ಕೆ ಬಿದ್ದಾಗಲೇ. ಹೆಂಡತಿಯ ಸೆರಗು ಅವಳ ಹತ್ತಿರವೇ ಇತ್ತು. ಹಗ್ಗ ಉಜ್ಜಿ ಕೆಂಪಗಾದ ನನ್ನ ಎರಡೂ ಅಂಗೈ, ಮಂಚದ ಮೇಲೆ ತೆರೆದುಕೊಂಡು ಬಿದ್ದಿದ್ದವು.